ಕಾಶಿಯಲ್ಲೊಂದು ಗುರುಕುಲ, ನಮ್ಮ ಮೇಲೊಂದು ಋಣ



ನಮ್ಮ ಕೆಲವು ಮದುವೆಗಳಲ್ಲಿ ನೀವು ಒಂದು ತಮಾಷೆಯನ್ನು ನೋಡಿರಬಹುದು. ಮದುಮಗ ಪಂಚೆ ಉಟ್ಟು, ಕೈಯಲ್ಲಿ ಕೊಡೆ ಮತ್ತು ಕೋಲು ಹಿಡಿದು, "ನನಗೆ ಮದುವೆ ಬೇಡ, ನಾನು ಕಾಶಿಗೆ ಹೊರಟೆ" ಎಂದು ನಾಲ್ಕು ಹೆಜ್ಜೆ ಹಾಕುತ್ತಾನೆ. ಹೆಣ್ಣಿನ ಕಡೆಯವರು ಅಡ್ಡ ಬಂದು, ಉಪಚಾರ ಹೇಳಿ, ಮಂಟಪಕ್ಕೆ ವಾಪಸು ಕರೆತರುತ್ತಾರೆ. ಎಲ್ಲರೂ ನಗುತ್ತಾರೆ, ಫೋಟೋ ತೆಗೆಯುತ್ತಾರೆ. ಆದರೆ ಆ ಹುಡುಗ ಕಾಶಿಗೇ ಏಕೆ ಹೊರಡಬೇಕು ಎಂದು ಕೇಳುವವರು ಕಡಿಮೆ. ನೂರಾರು ವರ್ಷಗಳ ಕಾಲ ನಮ್ಮವರಿಗೆ ಹೆಚ್ಚಿನ ಓದು ಎಂದರೆ ಕಾಶಿ. ಇಂದು ನೀವು ಬಾಸ್ಟನ್ನಿಗೋ ಬರ್ಕ್ಲಿಗೋ ಹೋಗುವ ಹಾಗೆ ಅಂದಿನ ಹುಡುಗರು ಕಾಶಿಗೆ ಹೋಗುತ್ತಿದ್ದರು.

ಮಂಟಪದ ಮದುಮಗ ಹಿಂದಿರುಗಿ ಬರುತ್ತಾನೆ, ಸರಿ. ನಿಜವಾಗಿಯೂ ಹೋದ ಹುಡುಗರ ಗತಿ ಏನು? ಭಾಷೆ ಬಾರದ ಊರಿನಲ್ಲಿ ಅವರು ಎಲ್ಲಿ ಮಲಗಿದರು? ಯಾರ ಮನೆಯಲ್ಲಿ ಉಂಡರು? ಈ ಪ್ರಶ್ನೆ ನನ್ನನ್ನು ಬಹಳ ವರ್ಷಗಳಿಂದ ಕಾಡುತ್ತಿತ್ತು. ಅದಕ್ಕೊಂದು ಕಾರಣವಿದೆ. ನಾನು ಹೈಸ್ಕೂಲು ಓದಿದ್ದು ತುಮಕೂರು ಜಿಲ್ಲೆಯ ಒಂದು ಉಚಿತ ವಿದ್ಯಾರ್ಥಿನಿಲಯದಲ್ಲಿ. ನಮ್ಮದು ಮಳೆ ಆಧಾರಿತ ನಾಲ್ಕು ಎಕರೆ ಹೊಲ. ಮನೆ ತುಂಬ ಮಕ್ಕಳು. ಮುಂಜಾನೆ ಗಂಟೆ ಬಾರಿಸಿದ ಕೂಡಲೇ ಎದ್ದು, ತಣ್ಣೀರಿನಲ್ಲಿ ಮಿಂದು, ಪ್ರಾರ್ಥನೆ ಮುಗಿಸಿ, ತಟ್ಟೆ ಲೋಟ ಹಿಡಿದು ಸಾಲಾಗಿ ಕುಳಿತರೆ ಮುದ್ದೆ, ಸಾರು. ಆ ಮುದ್ದೆಯ ರಾಗಿಯನ್ನು ಯಾರೋ ರೈತರು ಸುಗ್ಗಿಯಲ್ಲಿ ಗಾಡಿ ಮೇಲೆ ತಂದು ಸುರಿದು ಹೋಗುತ್ತಿದ್ದರು. ಅವರ ಹೆಸರು ನಮಗೆ ಗೊತ್ತಿರಲಿಲ್ಲ, ನಮ್ಮ ಹೆಸರು ಅವರಿಗೆ ಗೊತ್ತಿರಲಿಲ್ಲ.

ಅಮೆರಿಕದಲ್ಲಿ ಬೆಳೆದ ನಿಮಗೆ ಬೋರ್ಡಿಂಗ್ ಶಾಲೆ ಎಂದರೆ ಬೇರೆಯೇ ಚಿತ್ರ: ಕೆಂಪು ಇಟ್ಟಿಗೆಯ ಕಟ್ಟಡ, ಲಾಂಛನ ಹೊತ್ತ ಕೋಟು, ದೊಡ್ಡ ಫೀಸು. ಇಂಗ್ಲೆಂಡಿನ ಈಟನ್ ಶಾಲೆಯ ಹೆಸರು ಕೇಳಿದ್ದೀರಿ. 1440ರಲ್ಲಿ ಆರನೆಯ ಹೆನ್ರಿ ದೊರೆ ಅದನ್ನು ಆರಂಭಿಸಿದ್ದು 70 ಮಂದಿ ಬಡ ಹುಡುಗರಿಗೆ ಉಚಿತವಾಗಿ ವಿದ್ಯೆ ಕೊಡುವುದಕ್ಕೆ ಎಂಬುದು ಎಷ್ಟು ಜನಕ್ಕೆ ಗೊತ್ತು? ಹಳೆಯ ಶಾಲೆಗಳ ಮೂಲ ಹುಡುಕಿಕೊಂಡು ಹೋದರೆ ಅನೇಕ ಕಡೆ ಮೊದಲು ಸಿಗುವುದು ಲಾಂಛನವಲ್ಲ, ಒಂದು ಅಡಿಗೆಮನೆ.

2023ರ ಡಿಸೆಂಬರಿನಲ್ಲಿ ನಾನು, ನನ್ನ ಹೆಂಡತಿ ಮತ್ತು ಕಾಲೇಜಿನಲ್ಲಿ ಓದುತ್ತಿರುವ ನಮ್ಮ ಮಗಳು ಕಾಶಿಗೆ ಹೋದೆವು. ಉಳಿದುಕೊಂಡದ್ದು ಕೇದಾರ ಘಾಟಿನ ಹತ್ತಿರ. ಗಂಗೆಯ ದಂಡೆಯ ಮೇಲೆ ಕೆಂಪು ಬಿಳಿ ಪಟ್ಟೆ ಬಳಿದ ಕೇದಾರೇಶ್ವರನ ಗುಡಿಯನ್ನು ದೋಣಿಯಲ್ಲಿ ಹೋಗುವವರು ದೂರದಿಂದಲೇ ಗುರುತಿಸುತ್ತಾರೆ. ಹಿಮಾಲಯದ ಕೇದಾರನಾಥನೇ ಇಲ್ಲಿ ಬಂದು ನೆಲೆಸಿದ್ದಾನೆಂದು ಭಕ್ತರ ನಂಬಿಕೆ. ಅಲ್ಲಿನ ಮೆಟ್ಟಿಲ ಮೇಲೆ ಕುಳಿತರೆ ದಕ್ಷಿಣದ ಮಾತು ಕಿವಿಗೆ ಬೀಳುತ್ತಲೇ ಇರುತ್ತದೆ. ಗುಡಿಯನ್ನು ನೋಡಿಕೊಳ್ಳುವುದು 17ನೆಯ ಶತಮಾನದ ತಮಿಳು ಸಂತ ಕುಮಾರಗುರುಪರರ ಪರಂಪರೆಯ ಮಠ. ದಕ್ಷಿಣಕ್ಕೆ ಸ್ವಲ್ಪ ನಡೆದರೆ ವಿಜಯನಗರಂ ಘಾಟ್, ಹರಿಶ್ಚಂದ್ರ ಘಾಟ್. ಅದನ್ನು ದಾಟಿದರೆ ಮೈಸೂರು ಸಂಸ್ಥಾನ ಕಟ್ಟಿಸಿದ, ಈಗ ಕರ್ನಾಟಕ ಘಾಟ್ ಎಂದು ಕರೆಯುವ ಸೋಪಾನಗಳು. ಮದನ ಮೋಹನ ಮಾಳವೀಯರು 1916ರಲ್ಲಿ ಕಾಶಿ ಹಿಂದೂ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದಾಗ ಅದರ ಮೊದಲ ಕುಲಪತಿಯಾದವರೂ ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರೇ.

ಕೇದಾರ ಘಾಟಿನ ಮೆಟ್ಟಿಲು ಹತ್ತಿ, ಗಲ್ಲಿಗಳಲ್ಲಿ ಹಾದು, ಸೋನಾರಪುರದ ದೊಡ್ಡ ರಸ್ತೆಗೆ ಬಂದು ಉತ್ತರಕ್ಕೆ ತಿರುಗಿದರೆ ಮದನಪುರ ಸಿಗುತ್ತದೆ. ನಿಮ್ಮ ಅಮ್ಮಂದಿರ ಬೀರುವಿನಲ್ಲಿರುವ ಬನಾರಸ್ ಸೀರೆಗಳನ್ನು ನೇಯುವ ಮುಸ್ಲಿಂ ಕುಟುಂಬಗಳ ಬಡಾವಣೆ ಅದು. ಅದನ್ನು ದಾಟಿದರೆ ಜಂಗಮವಾಡಿ. ಒಂದು ಮಠದಿಂದಾಗಿ ಇಡೀ ಮೊಹಲ್ಲಾಕ್ಕೆ ಆ ಹೆಸರು. ವೀರಶೈವರ ಪಂಚಪೀಠಗಳಾದ ರಂಭಾಪುರಿ, ಉಜ್ಜಯಿನಿ, ಕೇದಾರ, ಶ್ರೀಶೈಲ, ಕಾಶಿ ಇವುಗಳಲ್ಲಿ ಕಾಶಿಯ ಜ್ಞಾನಪೀಠ ಇದೇ. ಇನ್ನೊಂದು ವಿಷಯ ಕೇಳಿ: ಹಿಮಾಲಯದ ಕೇದಾರನಾಥದ ರಾವಲರೂ ಕರ್ನಾಟಕ ಮೂಲದ ವೀರಶೈವ ಪರಂಪರೆಯವರು. ರೈಲು, ವಿಮಾನ ಇಲ್ಲದ ಕಾಲದಲ್ಲಿ ನಮ್ಮವರು ಎಲ್ಲಿಂದ ಎಲ್ಲಿಗೆ ನಡೆದರು ನೋಡಿ!

ಮಠದೊಳಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಲಿಂಗಗಳು. ಗೋಡೆಯ ಬದಿಗೆ, ಅಂಗಳದಲ್ಲಿ, ಮೂಲೆಮೂಲೆಯಲ್ಲಿ ಸಾಲುಸಾಲಾಗಿ ಸಾವಿರಾರು ಚಿಕ್ಕ ಚಿಕ್ಕ ಶಿವಲಿಂಗಗಳು. ತೀರಿಕೊಂಡ ಹಿರಿಯರ ನೆನಪಿಗೆ ಭಕ್ತರು ಇಟ್ಟುಹೋದವು. ಮಠದಲ್ಲಿ ಮೊಗಲ್ ಬಾದಶಹರ ಫರ್ಮಾನುಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ಅಕ್ಬರ್, ಜಹಾಂಗೀರ್, ಷಹಜಹಾನ್ ಅಲ್ಲದೆ ಔರಂಗಜೇಬನ ಆಳ್ವಿಕೆಯಲ್ಲಿ ಹೊರಡಿಸಿದ ಆಜ್ಞಾಪತ್ರಗಳೂ ಅವುಗಳಲ್ಲಿವೆ. ಜಂಗಮರ ಭೂಮಿ ಜಂಗಮರಿಗೇ ಸೇರಿದ್ದು, ಯಾರೂ ತೊಂದರೆ ಕೊಡಬಾರದು ಎನ್ನುವುದು ಅಂಥ ಪತ್ರಗಳ ಸಾರ. ಇತಿಹಾಸ ನಾವು ವಾಟ್ಸಾಪಿನಲ್ಲಿ ಓದುವಷ್ಟು ಸರಳವಾಗಿಲ್ಲ ಎಂದು ಈ ಹಳೆಯ ಕಾಗದಗಳು ಹೇಳುತ್ತವೆ.

ಈ ಮಠದ ಆಶ್ರಯದಲ್ಲಿ ನಡೆಯುವುದೇ ಜಗದ್ಗುರು ವಿಶ್ವಾರಾಧ್ಯ ಗುರುಕುಲ. ಕರ್ನಾಟಕದಿಂದ, ಮಹಾರಾಷ್ಟ್ರದಿಂದ ಬಂದ ಹುಡುಗರು ಅಲ್ಲಿಯೇ ಇದ್ದು ಸಂಸ್ಕೃತ, ಶಾಸ್ತ್ರಗಳನ್ನು ಕಲಿಯುತ್ತಾರೆ. ನೂರು ವರ್ಷ ದಾಟಿದ ಸಂಸ್ಥೆ. 2020ರ ಫೆಬ್ರವರಿಯಲ್ಲಿ ಅದರ ಶತಮಾನೋತ್ಸವದ ಸಮಾರೋಪಕ್ಕೆ ಪ್ರಧಾನಿ ನರೇಂದ್ರ ಮೋದಿಯವರು ಬಂದು, 'ಸಿದ್ಧಾಂತ ಶಿಖಾಮಣಿ' ಗ್ರಂಥದ 19 ಭಾಷೆಗಳ ಅನುವಾದವನ್ನೂ ಅದರ ಮೊಬೈಲ್ ಆಪ್ ಅನ್ನೂ ಬಿಡುಗಡೆ ಮಾಡಿದರು. ಇದೆಲ್ಲ ಹೆಮ್ಮೆಯ ವಿಷಯವೇ.

ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆ. ಹೊರಗೆ ಬರುವಾಗ ಬಾಗಿಲ ಬಳಿ ಹದಿನಾರು ಹದಿನೇಳರ ಒಬ್ಬ ಹುಡುಗ ನಿಂತಿದ್ದ. ಬಿಳಿ ಪಂಚೆ, ಹಣೆಯ ಮೇಲೆ ವಿಭೂತಿ. ನಾವು ಕನ್ನಡ ಮಾತಾಡುವುದು ಕೇಳಿ ಮುಖ ಅರಳಿತು.

"ಯಾವ ಊರಿಂದ ಬಂದೀರ್ರಿ ಸರ?" ಎಂದ.

"ನಮ್ಮದು ತುಮಕೂರು ಕಡೆ. ನಿಮ್ಮದು?"

"ಕಲಬುರ್ಗಿ ಕಡಿಯವ್ರರೀ ನಾವು."

"ಮನೆ ನೆನಪು ಬರೋದಿಲ್ವೇನಪ್ಪ?" ಎಂದು ನನ್ನ ಹೆಂಡತಿ ಕೇಳಿದಳು.

ಹುಡುಗ ಸ್ವಲ್ಪ ನಕ್ಕ. "ಮೊದ್ಲ ಭಾಳ ಬರ್ತಿತ್ರಿ ಅಮ್ಮಾರ. ರಾತ್ರಿ ಅಳ್ತಿದ್ದೆ. ದೊಡ್ಡ ಹುಡುಗ್ರು ಬಂದು ಸಮಾಧಾನ ಮಾಡ್ತಿದ್ರು. ಈಗ ಸಣ್ಣ ಹುಡುಗ್ರು ಬಂದಾರಲ್ರಿ, ಅವ್ರನ್ನ ಸಮಾಧಾನ ಮಾಡೂದ ನಮಗ ಕೆಲಸ ಆಗೇದ. ನೆನಸ್ಕೊಳ್ಳಾಕ ಟೈಮ ಇಲ್ರಿ."

ನಮ್ಮ ಹಾಸ್ಟೆಲಿನಲ್ಲೂ ಹಾಗೆಯೇ ಇತ್ತು. ಮೊದಲ ವಾರ ನನ್ನ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಮಲಗಿದ್ದ ದೊಡ್ಡ ಹುಡುಗನ ಮುಖ ಈಗ ಮಸುಕಾಗಿದೆ. ಆದರೆ ಅವನು ಹೊದೆಸಿದ ಕಂಬಳಿಯ ಚುಚ್ಚು ಮರೆತಿಲ್ಲ.

ಅಂದು ಸಂಜೆ ಕೇದಾರ ಘಾಟಿಗೆ ಮರಳಿ ಚಹಾ ಕುಡಿಯುವಾಗ ಇದನ್ನೆಲ್ಲ ನಾನು ಬಹಳ ಉತ್ಸಾಹದಿಂದ ಹೇಳುತ್ತಿದ್ದೆ. ಮಗಳು ಸುಮ್ಮನೆ ಕೇಳಿಸಿಕೊಂಡು ಕೊನೆಗೆ ಹೇಳಿದಳು: "ಅಪ್ಪಾ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾನು ಆ ಕಾಲದಲ್ಲಿ ಹುಟ್ಟಿದ್ರೆ ಇಂಥ ಯಾವ ಗುರುಕುಲದಲ್ಲಾದ್ರೂ ಸೇರಿಸ್ಕೊಳ್ತಿದ್ರಾ? ನಿಮ್ಮ ಹಾಸ್ಟೆಲ್‌ನಲ್ಲಿ? ಇಲ್ಲ ಅಲ್ವಾ? ಮತ್ತೆ ಇದು ನನ್ನ ಪರಂಪರೆ ಹೇಗಾಗುತ್ತೆ?"

ಮಿತ್ರರೇ, ಇದು ನಿಮ್ಮಲ್ಲಿ ಅನೇಕರ ಪ್ರಶ್ನೆ ಎಂದು ನನಗೆ ಗೊತ್ತು. ಇದನ್ನು ಉದ್ಧಟತನ ಎಂದು ಹಿರಿಯರು ತಳ್ಳಿಹಾಕಬಾರದು. ನಮ್ಮ ದೇಶದಲ್ಲಿ ಶತಮಾನಗಳ ಕಾಲ ಗುರುಕುಲ ಎಂದರೆ ಗಂಡುಮಕ್ಕಳದ್ದು. ಅದರಲ್ಲೂ ಕೆಲವೇ ಜಾತಿಯ ಗಂಡುಮಕ್ಕಳದ್ದು. ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿ ವಚನ ಬರೆದ ನಾಡು ನಮ್ಮದು. ಹಾಗಿದ್ದೂ ಹೆಣ್ಣುಮಕ್ಕಳಿಗೆ ಶಾಲೆಯ ಬಾಗಿಲು ತೆರೆಯಲು ಎಷ್ಟೋ ನೂರು ವರ್ಷ ಕಾಯಬೇಕಾಯಿತು. ಇದನ್ನು ಮುಚ್ಚಿಟ್ಟು ಹೆಮ್ಮೆ ಪಡುವುದು ಸರಿಯಲ್ಲ.

ನಾನು ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ನಮ್ಮ ಹಿರಿಯರು ಮನುಷ್ಯ ಮೂರು ಋಣ ಹೊತ್ತು ಹುಟ್ಟುತ್ತಾನೆ ಎಂದರು: ದೇವಋಣ, ಋಷಿಋಣ, ಪಿತೃಋಣ. ಇದರಲ್ಲಿ ಋಷಿಋಣ ಎಂದರೆ ವಿದ್ಯೆಯ ಸಾಲ. ಈ ಸಾಲವನ್ನು ಕೊಟ್ಟವರಿಗೇ ತೀರಿಸಲು ಬರುವುದಿಲ್ಲ, ಅವರು ಹೋಗಿಬಿಟ್ಟಿರುತ್ತಾರೆ. ಮುಂದಿನವರಿಗೆ ಕಲಿಸಿಯೇ ತೀರಿಸಬೇಕು. ಕಲಬುರ್ಗಿಯ ಆ ಹುಡುಗ ಮಾಡುತ್ತಿರುವುದು ಅದನ್ನೇ. ಪರಂಪರೆ ಎಂದರೆ ಆಸ್ತಿಯಾಗಿದ್ದರೆ ಅದು ಗಂಡುಮಕ್ಕಳಿಗೆ ಮಾತ್ರ ಬಂತು ಎಂದು ಜಗಳವಾಡಬಹುದು. ಅದು ಸಾಲವಾದರೆ, ಆ ಅನ್ನ ಉಂಡವನ ಮಗಳ ಮೇಲೂ ಮಗನ ಮೇಲೂ ಸಮನಾಗಿ ಇದೆ. ತೀರಿಸುವಾಗ ಯಾರನ್ನು ಒಳಗೆ ಸೇರಿಸಿಕೊಳ್ಳಬೇಕು ಎನ್ನುವುದು ತೀರಿಸುವವರ ಕೈಯಲ್ಲಿದೆ.

ಇದು ಬರೀ ಮಾತಲ್ಲ. ತುಮಕೂರಿನ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು (1907–2019) ವಿದ್ಯಾರ್ಥಿಯಾಗಿದ್ದಾಗ ತಾವೂ ಮಠದ ಆಸರೆ ಪಡೆದವರು. ಮುಂದೆ ಅವರ ಕಾಲದಲ್ಲಿ ಆ ಮಠ ಜಾತಿ ಕೇಳದೆ ಸುಮಾರು 10,000 ಮಕ್ಕಳಿಗೆ ಅನ್ನ, ಆಶ್ರಯ, ವಿದ್ಯೆ ಕೊಡುವಷ್ಟು ಬೆಳೆಯಿತು. ಸುತ್ತೂರಿನ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು 1941ರಲ್ಲಿ ಮೈಸೂರಿನಲ್ಲಿ ಒಂದು ವಿದ್ಯಾರ್ಥಿನಿಲಯ ತೆರೆದರು, ಇಂದಿನ ಜೆ.ಎಸ್.ಎಸ್. ಸಂಸ್ಥೆಗಳ ಬೇರು ಅಂಥ ಕಡೆ ಇದೆ. ಮಠವಿಲ್ಲದ ಊರುಗಳಲ್ಲಿ ವಾರಾನ್ನ ಇತ್ತು: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಬಡಹುಡುಗನೊಬ್ಬ ಏಳು ಮನೆಯ ಉಪ್ಪುಂಡು ಮೆಟ್ರಿಕ್ ಪಾಸು ಮಾಡುತ್ತಿದ್ದ. ಆ ಏಳೂ ಮನೆಗಳಲ್ಲಿ ಅಡಿಗೆ ಮಾಡಿ ಬಡಿಸಿದವರು ಶಾಲೆಯ ಮೆಟ್ಟಿಲು ಹತ್ತದ ಹೆಂಗಸರು ಎಂಬುದನ್ನು ಮರೆಯಬಾರದು. ನನ್ನ ಮಗಳಿಗೆ ಇದನ್ನು ಹೇಳಿದಾಗ ಅವಳು ಬಹಳ ಹೊತ್ತು ಮಾತಾಡಲಿಲ್ಲ.

ಕಾಶಿಯೂ ನಿಂತ ನೀರಾಗಿ ಉಳಿದಿಲ್ಲ. ಕಾಶಿ ಹಿಂದೂ ವಿಶ್ವವಿದ್ಯಾಲಯದಲ್ಲಿ 1929ರಲ್ಲೇ ಮಹಿಳಾ ಮಹಾವಿದ್ಯಾಲಯ ಆರಂಭವಾಯಿತು. 1971ರಲ್ಲಿ ಇಬ್ಬರು ವಿದುಷಿಯರು ಅದೇ ಊರಿನಲ್ಲಿ ಪಾಣಿನಿ ಕನ್ಯಾ ಮಹಾವಿದ್ಯಾಲಯ ತೆರೆದರು. ಅಲ್ಲಿ ಹೆಣ್ಣುಮಕ್ಕಳು ಗುರುಕುಲವಾಸ ಮಾಡಿ ವೇದ, ವ್ಯಾಕರಣ ಕಲಿಯುತ್ತಾರೆ. ಹುಡುಗಿಯರಿಗೆ ವೇದ ಹೇಳಿಕೊಡುವುದೇ ತಪ್ಪು ಎಂದು ವಾದಿಸುವವರಿದ್ದ ಊರಿನಲ್ಲೇ ಹುಡುಗಿಯರು ಮಂತ್ರ ಹೇಳುತ್ತಿದ್ದಾರೆ.

ಈಗ ನಮ್ಮ ಕೂಟದ ಮಾತಿಗೆ ಬರೋಣ. ಬಾಡಿಗೆ ಕಟ್ಟಡದಲ್ಲಿ ಭಾನುವಾರ ನಡೆಯುವ ಕನ್ನಡ ತರಗತಿ, ಹೊಸದಾಗಿ ಬಂದ ವಿದ್ಯಾರ್ಥಿಗಳಿಗೆ ಯುಗಾದಿಯ ಊಟ, ವಿಮಾನ ಇಳಿದವರಿಗೆ ಎರಡು ದಿನದ ಜಾಗ, ಇವೆಲ್ಲ ನಿಮಗೆ ಅಪ್ಪ ಅಮ್ಮಂದಿರ ಹಳೆಯ ಗೀಳು ಎನಿಸಬಹುದು. ಆದರೆ ಪರಭಾಷೆಯ ಊರಿನಲ್ಲಿ ನಮ್ಮವರ ಮಗುವಿಗೆ ಒಂದು ಜಾಗ, ಒಂದು ತುತ್ತು, ನಾಲ್ಕು ಅಕ್ಷರ ಎಂಬುದು ಜಂಗಮವಾಡಿಯ ಕೆಲಸವೇ. ನಮ್ಮದು ಚಿಕ್ಕದು, ಅಷ್ಟೇ ವ್ಯತ್ಯಾಸ. ಅಲ್ಲಿ ಇಲ್ಲದ ಒಂದು ಅನುಕೂಲವೂ ನಮಗಿದೆ: ನಮ್ಮ ಬಾಗಿಲಲ್ಲಿ ಯಾವ ಜಾತಿ, ಹುಡುಗನೋ ಹುಡುಗಿಯೋ ಎಂದು ಕೇಳುವ ಅಗತ್ಯವಿಲ್ಲ. ಅದನ್ನು ಹಾಗೆಯೇ ಉಳಿಸಿಕೊಳ್ಳುವುದು ನಿಮ್ಮ ಜವಾಬ್ದಾರಿ.

ಮುಂದಿನ ರಜದಲ್ಲಿ ನೀವು ಊರಿಗೆ ಹೋಗುತ್ತೀರಿ. ಮೈಸೂರು ಅರಮನೆ, ಹಂಪಿ, ಜೋಗ ಎಲ್ಲ ನೋಡಿ. ಜೊತೆಗೆ ಒಂದು ದಿನ ನಿಮ್ಮ ತಂದೆಯನ್ನೋ ತಾತನನ್ನೋ ಕೇಳಿ: "ನೀವು ಓದುವಾಗ ಎಲ್ಲಿ ಮಲಗುತ್ತಿದ್ದಿರಿ? ಯಾರು ಊಟ ಹಾಕುತ್ತಿದ್ದರು?" ಅಜ್ಜಿಯನ್ನೂ ಕೇಳಿ: "ನಿಮ್ಮನ್ನು ಎಷ್ಟನೆಯ ಕ್ಲಾಸಿಗೆ ಶಾಲೆ ಬಿಡಿಸಿದರು?" ಉತ್ತರ ಸಿಕ್ಕ ಮೇಲೆ ಆ ಹಾಸ್ಟೆಲನ್ನೋ ಮಠವನ್ನೋ ಆ ಬೀದಿಯನ್ನೋ ಹುಡುಕಿಕೊಂಡು ಹೋಗಿ. ಈಗ ಅಲ್ಲಿ ಯಾರು ಓದುತ್ತಿದ್ದಾರೆ, ಹೆಣ್ಣುಮಕ್ಕಳ ಹಾಸ್ಟೆಲ್ ಹತ್ತಿರದಲ್ಲಿ ಎಲ್ಲಿದೆ, ಅವರಿಗೆ ಏನು ಬೇಕು ಎಂದು ವಿಚಾರಿಸಿ.

ನನ್ನ ಮಗಳು ಈ ವರ್ಷದಿಂದ ನಮ್ಮ ಭಾನುವಾರದ ತರಗತಿಯಲ್ಲಿ ಚಿಕ್ಕ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಿದ್ದಾಳೆ. ಅವಳ ಒತ್ತಕ್ಷರ ಇನ್ನೂ ಅಷ್ಟು ಗಟ್ಟಿಯಾಗಿಲ್ಲ, ಹಿಂದಿನ ರಾತ್ರಿ ನನ್ನ ಹತ್ತಿರ ಪಾಠ ಹೇಳಿಸಿಕೊಂಡು ಹೋಗುತ್ತಾಳೆ. ಅವಳ ತರಗತಿಯಲ್ಲಿ ಹನ್ನೊಂದು ಮಕ್ಕಳಿದ್ದಾರೆ. ಏಳು ಹುಡುಗಿಯರು, ನಾಲ್ವರು ಹುಡುಗರು. ಇನ್ನೂ ಒಬ್ಬರು ಮೇಷ್ಟ್ರು ಬೇಕಾಗಿದ್ದಾರೆ. ನಿಮ್ಮಲ್ಲಿ ಯಾರು ಬರುತ್ತೀರಿ?