ಯಾಕೆ ತಡವಾಗಿ ಬಂದಿರಿ?

ನಮ್ಮ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರ ಕಡೆಯ ಹೊಲದ ಕಾಗದಗಳನ್ನು ಓದಲು ಉರ್ದು ಬಲ್ಲವರಿಗೆ ಹೆಚ್ಚು ಕಷ್ಟವಾಗುವುದಿಲ್ಲ. ಜಮೀನು, ಇನಾಮು, ವಾರಸು, ದರಖಾಸ್ತು, ಮಂಜೂರು, ರದ್ದು ಎಲ್ಲವೂ ನಮಗೆ ಮನೆಯ ಮಾತುಗಳೇ. ಉರ್ದು ಶಾಲೆಯಲ್ಲಿ ಕಲಿತ ಈ ಶಬ್ದಗಳನ್ನು ಮುಂದೆ ಕನ್ನಡ ಉತಾರದಲ್ಲಿ ಕಂಡಾಗ ಹಳೆಯ ನೆಂಟರು ಸಿಕ್ಕಂತಾಗಿತ್ತು. ಆದರೆ ಇನಾಮು ಎಂಬ ಶಬ್ದ ಮಾತ್ರ ನಮ್ಮನ್ನು ಇಂದಿಗೂ ಕಾಡುತ್ತದೆ. ಇನಾಮು ಎಂದರೆ ಬಹುಮಾನ. ಊರ ಚಾಕರಿ ಮಾಡಿದ ತಳವಾರ, ವಾಲೀಕಾರರಿಗೆ ಕೊಟ್ಟ ಹೊಲಕ್ಕೂ ಇದೇ ಹೆಸರು. ತಲೆಮಾರುಗಟ್ಟಲೆ ಊರು ಕಾಯ್ದು, ಕರೆದಲ್ಲಿಗೆ ಓಡಿ ದುಡಿದವರ ಕೂಲಿಯನ್ನು ಬಹುಮಾನ ಎಂದು ಬರೆದರೆ ಕೊಟ್ಟವನು ದೊಡ್ಡವನಾಗುತ್ತಾನೆ, ದುಡಿದವನು ಋಣಿಯಾಗುತ್ತಾನೆ.

1961ರ ಕಾಯ್ದೆ ಆ ವಂಶಪಾರಂಪರ್ಯ ಚಾಕರಿಗಳನ್ನು ರದ್ದು ಮಾಡಿ, ಹೊಲವನ್ನು ಅದೇ ಮನೆತನಗಳಿಗೆ ಮರುಮಂಜೂರು ಮಾಡುವ ದಾರಿ ತೆರೆಯಿತು. ಇದಲ್ಲದೆ ಭೂಹೀನ ದಲಿತರಿಗೆ, ಬುಡಕಟ್ಟಿನವರಿಗೆ ಸರಕಾರವೇ ದರಖಾಸ್ತಿನಲ್ಲಿ ಭೂಮಿ ಕೊಟ್ಟಿತು. ಕೊಟ್ಟ ಭೂಮಿ ಕೈಯಲ್ಲಿ ನಿಲ್ಲಲಿಲ್ಲ. ಮದುವೆಗೆ, ಆಸ್ಪತ್ರೆಗೆ, ಬರಗಾಲದ ಸಾಲಕ್ಕೆ ಅದು ಹೋಯಿತು. ಹಾಗೆ ಹೋದುದನ್ನು ತಿರುಗಿ ಕೊಡಿಸಲೆಂದೇ ದೇವರಾಜ ಅರಸರ ಸರಕಾರ 1978ರಲ್ಲಿ ಪಿಟಿಸಿಎಲ್ ಕಾಯ್ದೆಯನ್ನು ತಂದಿತು. 1979ರ ಜನವರಿ 1ರಿಂದ ಅದು ಜಾರಿಗೆ ಬಂತು. ಮಂಜೂರಿಯ ಷರತ್ತು ಮೀರಿ ಮಾರಿದ್ದರೆ ಮಾರಾಟವೇ ಅಸಿಂಧು. ಉಪವಿಭಾಗಾಧಿಕಾರಿ ಆ ಭೂಮಿಯನ್ನು ಮೂಲ ಮಂಜೂರುದಾರನಿಗೋ ಅವನ ವಾರಸುದಾರರಿಗೋ ಕೊಡಿಸಬೇಕು. ಚಾಕರಿ ಇನಾಮಿನ ಹೊಲಗಳು ಮಾತ್ರ ಈ ಕಾಯ್ದೆಯ ಹೊರಗೇ ಉಳಿದವು.

ಇಂಥ ಮಂಜೂರಿ ಕಾಗದವೊಂದನ್ನು ಬ್ಯಾಡಗಿ ಕಡೆಯ ಹಿರಿಯರೊಬ್ಬರು ನಮ್ಮ ಮುಂದೆ ಬಿಚ್ಚಿದ್ದರು. ಅವರ ಮನೆಯ ಹೆಂಗಸರು ಸುಗ್ಗಿಯಲ್ಲಿ ಕೂಲಿಗೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾರೆ. ಆ ಕಾಯಿ ಬೆಳೆಯಬಹುದಾಗಿದ್ದ ಹೊಲ ಈಗ ಇನ್ನೊಬ್ಬರ ಹೆಸರಿನಲ್ಲಿದೆ. ಇಷ್ಟು ವರ್ಷ ಏಕೆ ಸುಮ್ಮನಿದ್ದಿರಿ ಎಂದು ಕೇಳಿದೆವು.

“ಅಪ್ಪ ಹೆಬ್ಬೆಟ್ಟು ಒತ್ತಿದ್ದರಿ ಸಾಹೇಬ್ರ. ಅದರಾಗ ಏನ್ ಬರದಾರ ಅಂತ ಅವಗೇನ್ ಗೊತ್ತು? ನನಗೂ ಓದಾಕ ಬರಂಗಿಲ್ಲ. ಮಗಳು ಹಾಸ್ಟೆಲ್‌ನಾಗ ಇದ್ದು ಕಾಲೇಜು ಕಲತ್ಲು. ಅಕೀನ ಓದಿ ಹೇಳಿದ್ಲು, ಇದನ್ನ ಮಾರಾಕ ಬರತಿದ್ದಿಲ್ಲ ಅಂತ.”

ನೌಕರಿ ಮತ್ತು ಶಿಕ್ಷಣದ ಮೀಸಲಾತಿಯನ್ನು ಒಂದು ಕಡೆ, ಭೂಮಿಯ ಹಕ್ಕನ್ನು ಇನ್ನೊಂದು ಕಡೆ ಇಟ್ಟು ಮಾತನಾಡುವುದು ನಮ್ಮಲ್ಲಿ ರೂಢಿ. ಆ ಮನೆಯಲ್ಲಿ ಅವೆರಡೂ ಒಂದೇ ಕಾಗದದ ಮೇಲೆ ಕೂಡಿಕೊಂಡಿದ್ದವು. ಕಾಗದ ಓದುವ ಮಗಳು ಹುಟ್ಟಿ ಬೆಳೆಯಲು ಎರಡು ತಲೆಮಾರು ಬೇಕಾಯಿತು.

ಅಂಥ ಮಕ್ಕಳಿಗೆ ದಾರಿ ಮಾಡಿದವರಲ್ಲಿ ರಾಣೆಬೆನ್ನೂರಿನವರೇ ಆದ ಎಲ್.ಜಿ. ಹಾವನೂರರೂ ಒಬ್ಬರು. 1972ರಲ್ಲಿ ನೇಮಕಗೊಂಡ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾಗಿ 1975ರಲ್ಲಿ ಅವರು ಕೊಟ್ಟ ವರದಿ ನಾಡಿನ ಮೀಸಲಾತಿಯ ದಿಕ್ಕನ್ನೇ ಬದಲಿಸಿತು. ಅವರ ಸಮುದಾಯವಾದ ಬೇಡ, ನಾಯಕ, ವಾಲ್ಮೀಕಿ ಹೆಸರಿನವರು 1991ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ತಳವಾರ, ಪರಿವಾರದವರು 2020ರವರೆಗೆ ಕಾಯಬೇಕಾಯಿತು. 2022ರಲ್ಲಿ ರಾಜ್ಯವು ಪರಿಶಿಷ್ಟ ಜಾತಿಯ ಪಾಲನ್ನು ಶೇ. 15ರಿಂದ 17ಕ್ಕೆ, ಪಂಗಡದ ಪಾಲನ್ನು ಶೇ. 3ರಿಂದ 7ಕ್ಕೆ ಏರಿಸಿತು. ಪಾಲು ಏರುವ ಹೊತ್ತಿಗೆ ಕಾಯಂ ನೌಕರಿಗಳ ಜಾಗದಲ್ಲಿ ಗುತ್ತಿಗೆ ನೌಕರಿಗಳು ಬಂದು ಕೂತಿದ್ದವು.

ಭೂಮಿಯ ಕಥೆಯೂ ಹಾಗೆಯೇ. ಮಗಳು ಓದಿ ಅರ್ಜಿ ಬರೆಯುವ ಹೊತ್ತಿಗೆ ಗಡಿಯಾರ ಮುಂದೆ ಓಡಿತ್ತು. ಅರ್ಜಿಯನ್ನು ಸಕಾಲದಲ್ಲಿ ಕೊಡಬೇಕು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅನೇಕ ಅರ್ಜಿಗಳು ಬಿದ್ದುಹೋದವು. ದಲಿತ ಸಂಘಟನೆಗಳು ಹೋರಾಡಿದ ಮೇಲೆ ಇಂಥ ಅರ್ಜಿಗೆ ಕಾಲಮಿತಿ ಇಲ್ಲವೆಂದು 2023ರಲ್ಲಿ ರಾಜ್ಯ ಸರಕಾರ ತಿದ್ದುಪಡಿ ತಂದಿತು. ಆದರೆ ಹಾವೇರಿ ಜಿಲ್ಲೆಯದೇ ಒಂದು ಮೇಲ್ಮನವಿಯಲ್ಲಿ 2024ರ ಜುಲೈನಲ್ಲಿ ಹೈಕೋರ್ಟಿನ ಧಾರವಾಡ ಪೀಠ ಕಂಡುಕೊಂಡದ್ದು ಬೇರೆ: ಕಾಲಮಿತಿಯೇ ಬೇರೆ, ಸುಮ್ಮನೆ ಕೂತು ಮಾಡಿದ ವಿಳಂಬವೇ ಬೇರೆ, ತಿದ್ದುಪಡಿ ಎರಡನೆಯದನ್ನು ಅಳಿಸುವುದಿಲ್ಲ.

ಕೊಂಡವರ ಮಾತನ್ನೂ ಕೇಳಬೇಕು. ಅವರೆಲ್ಲ ಸಾಹುಕಾರರಲ್ಲ. ಮೂರನೆಯ ಕೈಯಿಂದ ಒಂದೆಕರೆ ಕೊಂಡು, ಬಾವಿ ತೋಡಿಸಿ, ಮಕ್ಕಳನ್ನು ಸಾಕಿದವರಿದ್ದಾರೆ. ನಮ್ಮ ಓಣಿಯ ಮುಸಲ್ಮಾನರೂ ಅವರಲ್ಲಿದ್ದಾರೆ. ಅವರ ದುಡಿಮೆಗೂ ಬೆಲೆ ಇದೆ. ಹಾಗೆಂದು ಬಡವನಿಂದ ಬಡವನಿಗೆ ದಾಟಿದ ಮಾತ್ರಕ್ಕೆ ಮೊದಲನೆಯವನ ಹಕ್ಕು ಅಳಿಯುವುದಿಲ್ಲ. ತಿಳಿಯದೆ ಕೊಂಡ ಬಡವನಿಗೆ ಬೇರೆ ಪರಿಹಾರ ಹುಡುಕುವುದು ಸರಕಾರದ ಕೆಲಸ.

ಇಲ್ಲಿ ಒಂದು ಸಂಗತಿಯನ್ನು ನಾವು ಮರೆಯುತ್ತೇವೆ. ಯಾರೂ ಅರ್ಜಿ ಕೊಡದಿದ್ದರೂ ಉಪವಿಭಾಗಾಧಿಕಾರಿ ತಾನಾಗಿಯೇ ವಿಚಾರಣೆ ನಡೆಸಬಹುದು ಎಂದು ಅದೇ ಕಾಯ್ದೆಯ 5ನೆಯ ಕಲಮು ಹೇಳುತ್ತದೆ. ಮಂಜೂರಿಯ ದಾಖಲೆ, ಉತಾರ, ಹೆಸರು ಬದಲಾದ ನೋಂದಣಿ ಎಲ್ಲವೂ ಸರಕಾರದ ಕಪಾಟಿನಲ್ಲೇ ಇವೆ. ಅವನ್ನು ಓದಬಲ್ಲವರೂ ಅಲ್ಲೇ ಕೂತಿದ್ದಾರೆ. ಯಾಕೆ ತಡವಾಗಿ ಬಂದಿರಿ ಎಂದು ಹೆಬ್ಬೆಟ್ಟಿನವನ ಮಗನನ್ನು ಕೇಳುವವರು, ಓದುಬಲ್ಲ ಸರಕಾರವನ್ನು ಯಾಕೆ ಅದೇ ಪ್ರಶ್ನೆ ಕೇಳುವುದಿಲ್ಲ? ತಾಲ್ಲೂಕಿಗೊಂದು ಪಟ್ಟಿ ಮಾಡಿ, ಯಾವ ಮಂಜೂರಿ ಭೂಮಿ ಯಾರ ಕೈಯಲ್ಲಿದೆ ಎಂದು ಊರ ಚಾವಡಿಯಲ್ಲಿ ಓದಿ ಹೇಳಲಿ. ಅದನ್ನು ಕೇಳಿಸಿಕೊಂಡ ಮೇಲೂ ಸುಮ್ಮನೆ ಕೂತವರನ್ನು ಬೇಕಾದರೆ ತಡ ಮಾಡಿದವರು ಎನ್ನೋಣ.