ಕನ್ನಡಿಯೊಳಗಿನ ಗಂಟು

ಕನ್ನಡಿಯೊಳಗಿನ ಗಂಟು ಕೈಗೆ ದಕ್ಕದೆಂದು ನಮ್ಮ ಹಿರಿಯರು ಹೇಳಿಟ್ಟರು. ಅವರು ಕಂಪ್ಯೂಟರನ್ನು ಕಂಡವರಲ್ಲ. ಕಂಡಿದ್ದರೆ ಗಾದೆಗೊಂದು ತಿದ್ದುಪಡಿ ಸೂಚಿಸುತ್ತಿದ್ದರೋ ಏನೋ. ಗಾಜಿನ ಹಿಂದೆ ಕಾಣುವುದನ್ನು ಇದ್ದುದು ಇದ್ದ ಹಾಗೆಯೇ ಹಿಡಿದು, ಗಂಟು ಕಟ್ಟಿ, ಅಂಗಿಯ ಕಿಸೆಯಲ್ಲಿಟ್ಟುಕೊಂಡು ನಿಪ್ಪಾಣಿಯಿಂದ ಧಾರವಾಡದವರೆಗೆ ಒಯ್ಯುವ ವಿದ್ಯೆಯೊಂದು ನನ್ನ ವಿದ್ಯಾರ್ಥಿದೆಸೆಯಲ್ಲಿಯೇ ನಮ್ಮ ಸೀಮೆಗೆ ಬಂದಿತು. ಈಗಿನ ಹುಡುಗರು ಮೊಬೈಲಿನ ಎರಡು ಗುಂಡಿಗಳನ್ನು ಒಟ್ಟಿಗೆ ಅದುಮಿ ದಿನಕ್ಕೆ ಹತ್ತು ಬಾರಿ ಈ ವಿದ್ಯೆಯನ್ನು ಪ್ರಯೋಗಿಸುತ್ತಾರೆ. ಪರೀಕ್ಷೆಯ ವೇಳಾಪಟ್ಟಿಯಿಂದ ಹಿಡಿದು ಗೆಳೆಯನೊಡನೆ ಆಡಿದ ಜಗಳದವರೆಗೆ ಎಲ್ಲವೂ ಅವರಿಗೆ 'ಸ್ಕ್ರೀನ್‌ಶಾಟು'. ಅದಕ್ಕೊಂದು ಇತಿಹಾಸವುಂಟೆಂದು ಕನ್ನಡದ ಮಾಸ್ತರನಾದ ನಾನು ಹೇಳಹೋದರೆ, ಹಳಗನ್ನಡದ ಪದ್ಯಕ್ಕೆ ಅನ್ವಯ ಕೇಳಿದಂತೆ ಮುಖ ಮಾಡುತ್ತಾರೆ.

ಕೀಲಿಮಣೆಯ ಬಲಮೂಲೆಯಲ್ಲಿ 'ಪ್ರಿಂಟ್ ಸ್ಕ್ರೀನ್' ಎಂಬ ಗುಂಡಿಯಿದೆಯಲ್ಲವೆ? ಬಹುಜನರು ಅದನ್ನು ಒತ್ತಿ, ಏನೂ ಆಗದಿದ್ದುದನ್ನು ಕಂಡು ಸುಮ್ಮನಾಗಿರುತ್ತಾರೆ. ೧೯೮೧ರಲ್ಲಿ ಐಬಿಎಂ ಕಂಪನಿಯ ಮೊದಲ ಪರ್ಸನಲ್ ಕಂಪ್ಯೂಟರು ಬಂದಾಗ ಆ ಗುಂಡಿ ತನ್ನ ಹೆಸರಿಗೆ ತಕ್ಕಂತೆ ನಡೆಯುತ್ತಿತ್ತು. ಒತ್ತಿದೊಡನೆ ಪರದೆಯ ಮೇಲಿನ ಅಕ್ಷರಗಳು ಪಕ್ಕದ ಮುದ್ರಣಯಂತ್ರದಲ್ಲಿ ಗರಗರನೆ ಇಳಿಯುತ್ತಿದ್ದುವು. ಆದರೆ ಅಕ್ಷರಗಳು ಮಾತ್ರ, ಅವೂ ಇಂಗ್ಲಿಷಿನವು. ಚಿತ್ರವಿದ್ದರೆ ಅದಕ್ಕೆ ಅನಂತರ ಬಂದ 'ಗ್ರಾಫಿಕ್ಸ್' ಎಂಬ ಬೇರೊಂದು ಆಜ್ಞೆಯನ್ನು ಮೊದಲು ಕೊಟ್ಟಿರಬೇಕು. ಕಾಗದದ ಗೊಡವೆ ಬೇಡ, ಚಿತ್ರವನ್ನು ತಟ್ಟೆಯಲ್ಲಿಯೇ ಉಳಿಸೋಣವೆಂದರೆ ಇನ್ನಷ್ಟು ತೊಡಕು. ಅಂದಿನ ಬಣ್ಣದ ಪರದೆಗೆ ಮೀಸಲಾದ ನೆನಪಿನ ಕೋಣೆಯೆಂದರೆ ೧೬,೩೮೪ ಬೈಟುಗಳು. ಅಡ್ಡ ೩೨೦, ಉದ್ದ ೨೦೦ ಚುಕ್ಕೆ, ನಾಲ್ಕೇ ಬಣ್ಣ. ಬೇಸಿಕ್ ಭಾಷೆಯಲ್ಲಿ ಒಂದೆರಡು ಸಾಲು ಬರೆದು ಆ ಕೋಣೆಯನ್ನು ಇಡಿಯಾಗಿ ನಕಲಿಸಿಕೊಳ್ಳಬಹುದಿತ್ತು. ನಕಲಿಸಿಕೊಂಡು ಬೇರೆ ಕಡೆ ತೆರೆದರೋ, ಚಿತ್ರ ಎರಡು ಹೋಳು! ಯಾಕೆಂದರೆ ಆ ಯಂತ್ರ ಸಮಸಂಖ್ಯೆಯ ಗೆರೆಗಳನ್ನೆಲ್ಲ ಕೋಣೆಯ ಅರ್ಧದಲ್ಲಿಯೂ ಬೆಸಸಂಖ್ಯೆಯವುಗಳನ್ನು ಉಳಿದರ್ಧದಲ್ಲಿಯೂ ಇಡುತ್ತಿತ್ತು. ದ್ವಿಪದಿಯ ಮೊದಲ ಸಾಲುಗಳನ್ನೆಲ್ಲ ಒಂದು ಕಟ್ಟಿನಲ್ಲಿ, ಎರಡನೆಯ ಸಾಲುಗಳನ್ನೆಲ್ಲ ಇನ್ನೊಂದು ಕಟ್ಟಿನಲ್ಲಿ ಬರೆದಿಟ್ಟ ಲಿಪಿಕಾರನಂತೆ. ಅವನ್ನು ಹೆಣೆದು ಕೂಡಿಸಿ, ಒಂದು ಬಗೆಯ ಕಡತದಿಂದ ಮತ್ತೊಂದು ಬಗೆಗೆ ಪರಿವರ್ತಿಸುವುದಕ್ಕೆಂದೇ ಸಣ್ಣ ಸಣ್ಣ ತಂತ್ರಾಂಶಗಳು ಹುಟ್ಟಿಕೊಂಡುವು.

ಇಲ್ಲೊಂದು ಸಂಗತಿ ನನಗೆ ಬಹಳ ಹಿಡಿಸಿದೆ. ೧೯೮೨ರಲ್ಲಿ ಹರ್ಕ್ಯುಲಿಸ್ ಎಂಬ ಕಾರ್ಡು ಬಂದಿತು; ೭೨೦ಕ್ಕೆ ೩೪೮ ಚುಕ್ಕೆಗಳ, ಒಂದೇ ಬಣ್ಣದ, ಆದರೆ ಕಣ್ಣಿಗೆ ತಂಪಾದ ಚಿತ್ರ. ಲೋಕದ ಲೆಕ್ಕಪತ್ರದ ಗುಮಾಸ್ತರೆಲ್ಲ ಅದನ್ನು ಮೆಚ್ಚಿದರು. ಅದನ್ನು ಮಾಡಿದಾತ ವ್ಯಾನ್ ಸುವನ್ನುಕುಲ್. ತನ್ನ ಮಾತೃಭಾಷೆಯಾದ ಥಾಯ್ ಲಿಪಿಯನ್ನು ಐಬಿಎಂ ಯಂತ್ರ ತೋರಿಸಲೊಲ್ಲದೆಂದು ಆತ ಅದನ್ನು ಕಟ್ಟಿದ. ಥಾಯ್ ಲಿಪಿಗೂ ನಮ್ಮಂತೆಯೇ ಮೇಲೊಂದು ಕೊಂಬು, ಕೆಳಗೊಂದು ಬಾಲ. ಅಕ್ಷರವೆಂದು ಒಪ್ಪದ ಯಂತ್ರಕ್ಕೆ ಅದನ್ನು ಚಿತ್ರವೆಂದು ಉಣಿಸಿದರಾಯಿತೆಂಬುದು ಅವನ ಉಪಾಯ. ನಮ್ಮ ದೇಶದಲ್ಲಿ ಕಾನ್ಪುರದ ಐಐಟಿಯಲ್ಲಿ ಮೊಳೆತು ಪುಣೆಯ ಸಿ-ಡ್ಯಾಕಿನಲ್ಲಿ ಬೆಳೆದ 'ಜಿಸ್ಟ್' ಕಾರ್ಡೂ ಹೀಗೆಯೇ ಯಂತ್ರದ ಹೊಟ್ಟೆಯಲ್ಲಿ ಕುಳಿತು ಭಾರತೀಯ ಲಿಪಿಗಳನ್ನು ಪರದೆಗೆ ತಂದಿತು.

ಈಗ ನಮ್ಮೂರಿಗೆ ಬರೋಣ. ೨೦೦೨ರ ಬೇಸಿಗೆ. ನಾನು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ; ಮನೆ ನಿಪ್ಪಾಣಿಯಲ್ಲಿ. ತಂದೆಯವರು ತಂಬಾಕಿನ ವಖಾರಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ನಮ್ಮ ಆಯಿ, ಅಂದರೆ ತಂದೆಯ ತಾಯಿ, ರಾಯಬಾಗದ ಕಡೆಯ ಹಳ್ಳಿಯವಳು. ಬೀಸುವ ಪದಗಳ ಗಣಿ. ಪ್ರಬಂಧಕ್ಕೆಂದು ನಾನು ಅವನ್ನು ಬರೆದುಕೊಂಡಿದ್ದೆ. ಅಂಚೆ ಕಚೇರಿಯ ಓಣಿಯಲ್ಲಿ ಒಂದು ಡಿಟಿಪಿ ಅಂಗಡಿಯಿತ್ತು. ಚಿಕ್ಕೋಡಿ, ಅಥಣಿ, ಕಾಗವಾಡದವರು ಸಹ ಲಗ್ನಪತ್ರಿಕೆಗೆ ಅಲ್ಲಿಗೆ ಬರುವರು. ಅರ್ಧ ಮರಾಠಿ, ಅರ್ಧ ಕನ್ನಡ. ಗಂಡಿನವರ ಭಾಷೆ ಮೇಲಿರಬೇಕೋ ಹೆಣ್ಣಿನವರದೋ ಎಂಬ ತಕರಾರು ಅಲ್ಲಿಯೇ ಬಗೆಹರಿಯುವುದು. ಚಿಂಚಲಿ ಮಾಯಕ್ಕನ ಜಾತ್ರೆಯ ಕಾಲಕ್ಕೆ ಮಾಲಕರಿಗೆ ಊಟಕ್ಕೂ ಪುರಸತ್ತಿಲ್ಲ. ಅವರು ಮನೆಯಲ್ಲಿ ಮರಾಠಿ, ಅಂಗಡಿಯಲ್ಲಿ ಕನ್ನಡ. ಎರಡರಲ್ಲಿಯೂ ಬೆರಳು ಒಂದೇ ವೇಗ.

ಒಂದು ಸಂಜೆ ಆಯಿಯೂ ನನ್ನೊಡನೆ ಅಂಗಡಿಗೆ ಬಂದಳು. ಮಾಲಕರು ಅಚ್ಚಿಸಿದ್ದನ್ನು ನಾನು ಓದಿದೆ. ಆಕೆ ಗಾಜನ್ನೇ ನೋಡುತ್ತಿದ್ದು, “ನಾ ಹಾಡಿದ್ದು ಅದರಾಗ ಕುಂತೈತೇನೋ ತಮ್ಮಾ?” ಎಂದಳು.

“ಹೂಂ ಆಯಿ.”

“ಹಂಗಾದ್ರ ಲಗೂನ ಹೊರಗ ತಗೀರಿ. ಉಸಿರ ಕಟ್ಟೀತು.”

ಮಾಲಕರು ನಕ್ಕರು. ಆದರೆ ಅವರು ಒಂದು ಉಪಕಾರ ಮಾಡಿದ್ದರು: ಕಾಲೇಜಿನವರು ಓದತಕ್ಕದ್ದೆಂದು 'ಬೀಸೂಕಲ್ಲ' ಎಂಬಲ್ಲೆಲ್ಲ 'ಬೀಸುವ ಕಲ್ಲು' ಎಂದು ಶುದ್ಧಗೊಳಿಸಿದ್ದರು. ಆಯಿ ಕೇಳಿದವಳೇ ಕೈಯೆತ್ತಿ ತಡೆದಳು. “ಹಂಗಂದ್ರ ಕಲ್ಲ ತಿರಗೂದಿಲ್ಲರೀ ಮಾಲಕ್ರ.” ಛಂದಸ್ಸಿನ ಬಗ್ಗೆ ನಾನು ಅನಂತರ ಓದಿದ ಗ್ರಂಥಗಳಲ್ಲಿ ಇಷ್ಟು ಚಿಕ್ಕದಾದ, ಇಷ್ಟು ಸರಿಯಾದ ಮಾತು ನನಗೆ ಸಿಕ್ಕಿಲ್ಲ. ಮಾಲಕರು ಮರುಮಾತಿಲ್ಲದೆ ಎಲ್ಲವನ್ನೂ ಮೊದಲಿನಂತೆ ಮಾಡಿದರು.

ಅದನ್ನು ಧಾರವಾಡದ ಗುರುಗಳಿಗೆ ತೋರಿಸುವುದು ಹೇಗೆ? ಅಂದಿನ ಕನ್ನಡ ಅಕ್ಷರಗಳ ಮರ್ಮ ವಿಚಿತ್ರವಾದುದು. ಯಂತ್ರ ತನ್ನ ಮಟ್ಟಿಗೆ ರೋಮನ್ ಲಿಪಿಯ ಸಂಕೇತಗಳನ್ನೇ ಬರೆದುಕೊಳ್ಳುತ್ತಿತ್ತು. ಫಾಂಟು ಎಂಬ ವೇಷಗಾರ ಅದಕ್ಕೆ ತಲೆಕಟ್ಟು, ಗುಡಿಸು, ಒತ್ತುಗಳನ್ನು ತೊಡಿಸಿ ಕನ್ನಡವೆಂದು ತೋರಿಸುತ್ತಿತ್ತು. ಪ್ರತಿ ಕಂಪನಿಯ ವೇಷವೂ ಬೇರೆ. ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ಆಯಿಯ ಪದ ಫ್ರೆಂಚರು ಸೀನಿದಂತೆ ಕಾಣುವುದು. ೧೯೯೮ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದು ಬಹಳ ಮಂದಿಗೆ ದಾರಿಯಾಗಿತ್ತು; ಕನ್ನಡ ಗಣಕ ಪರಿಷತ್ತಿನ 'ನುಡಿ'ಯೂ ಬಂದಿತ್ತು. ೧೯೯೧ರ ಯೂನಿಕೋಡಿನಲ್ಲಿಯೇ ಕನ್ನಡಕ್ಕೆ ೧೨೮ ಮನೆಗಳ ಓಣಿಯೊಂದು ಮೀಸಲಾಗಿದ್ದರೂ ಆ ಓಣಿಗೆ ನಮ್ಮ ಅಂಗಡಿಗಳು ಇನ್ನೂ ವಾಸಕ್ಕೆ ಹೋಗಿರಲಿಲ್ಲ.

ಆಗ ಮಾಲಕರು ಉಪಾಯ ಹೇಳಿದರು: “ಸರ, ಫೋಟೋ ತಗದ ಕೊಡ್ತೀನಿ.” ಪ್ರಿಂಟ್ ಸ್ಕ್ರೀನ್ ಒತ್ತಿದರು. ಏನೂ ಆಗಲಿಲ್ಲ. ಅಂದಿನ ವಿಂಡೋಸಿನಲ್ಲಿ ಆ ಗುಂಡಿ ಕಾಗದಕ್ಕೆ ಹೋಗದೆ, ಪರದೆಯ ಪಟವನ್ನು ಯಾರಿಗೂ ಕಾಣದ ಒಂದು ಗೂಡಿನಲ್ಲಿಡುತ್ತಿತ್ತು. ಪೇಂಟ್ ತೆರೆದು 'ಪೇಸ್ಟ್' ಎಂದರು; ಪರದೆಯೊಳಗೆ ಪರದೆ ಮೂಡಿತು! ಉಳಿಸಹೋದರೆ ಲೆಕ್ಕ ಬಂತು. ಅಡ್ಡ ೬೪೦, ಉದ್ದ ೪೮೦ ಚುಕ್ಕೆ, ಚುಕ್ಕೆಗೆ ಮೂರು ಬೈಟು, ಒಟ್ಟು ೯,೨೧,೬೦೦. ಒಂದು ಫ್ಲಾಪಿಯಲ್ಲಿ ಹಿಡಿಸುವುದು ಹದಿನಾಲ್ಕೂವರೆ ಲಕ್ಷದಷ್ಟು. ಎಂದರೆ ಪಟಕ್ಕೊಂದು ಫ್ಲಾಪಿ. ೨೫೬ ಬಣ್ಣಕ್ಕೆ ಇಳಿಸಿದರೆ ನಾಲ್ಕು ಪಟ. ಮಾಲಕರು ವ್ಯಾಪಾರಸ್ಥರು, ಬರಿಯ ಕಪ್ಪು-ಬಿಳುಪಿಗೆ ಇಳಿಸಿಬಿಟ್ಟರು. ಚುಕ್ಕೆಗೆ ಒಂದೇ ಬಿಟ್ಟು, ಪಟಕ್ಕೆ ೩೮ ಸಾವಿರದ ಚಿಲ್ಲರೆ ಬೈಟು. ೩೫ಕ್ಕೂ ಹೆಚ್ಚು ಪಟ ಒಂದೇ ತಟ್ಟೆಯಲ್ಲಿ ಕುಳಿತುವು. ಮೇಲಿನ ನೀಲಿ ಪಟ್ಟಿ ಕಾಡಿಗೆಯಂತಾಯಿತು, ಅಷ್ಟೆ. ಅಕ್ಷರಕ್ಕೆ ಕಪ್ಪು-ಬಿಳುಪಿಗಿಂತ ಹೆಚ್ಚಿಗೆ ಏನು ಬೇಕು?

ಅವರ ಅಳಿಯ ಇಂಟರ್ನೆಟ್ಟಿನ ಅಂಗಡಿಯವನು. ಜೆಪೆಗ್ ಮಾಡಿದರೆ ಇನ್ನೂ ಚಿಕ್ಕದಾಗುವುದೆಂದ. ಮಾಡಿ ನೋಡಿದೆವು. ಜೆಪೆಗ್ ಚಿತ್ರವನ್ನು ಎಂಟೆಂಟು ಚುಕ್ಕೆಯ ಚೌಕಗಳಾಗಿ ಕತ್ತರಿಸಿ, ಕಣ್ಣಿಗೆ ಬೇಡವೆಂದು ತಾನು ಬಗೆದುದನ್ನು ಚೆಲ್ಲುತ್ತದೆ. ಮುಖಕ್ಕೆ, ಮೋಡಕ್ಕೆ ಅದು ಸರಿ. ಒತ್ತಕ್ಷರಗಳ ಸುತ್ತ ಮಾತ್ರ ಹೊಗೆ ಕವಿದು, ತಕಾರ ಯಾವುದು ನಕಾರ ಯಾವುದು ತಿಳಿಯದಾಯಿತು. ಜಿಫ್ ಹಾಗಲ್ಲ, ೧೯೮೭ರದು, ಚುಕ್ಕೆಯನ್ನು ಕಳೆಯದೆ ಮಡಚಿಡುತ್ತದೆ. ಅದರ ಮಡಿಕೆಯ ವಿಧಾನಕ್ಕೆ ಪೇಟೆಂಟು ಉಂಟೆಂದು ಯೂನಿಸಿಸ್ ಕಂಪನಿ ಹಕ್ಕು ಹೇಳಿದ ಗದ್ದಲದಲ್ಲಿಯೇ ೧೯೯೬ರ ಹೊತ್ತಿಗೆ ಪಿಎನ್‌ಜಿ ಹುಟ್ಟಿತು. ಅಂದಿನ ಅಂತರಜಾಲದ ಎಷ್ಟೋ ಕನ್ನಡ ಪುಟಗಳು ಇಂಥ ಪಟಗಳೇ.

ಪಟವೆಂದರೆ ಸತ್ತ ಅಕ್ಷರ, ಹುಡುಕಲು ಬಾರದು, ತಿದ್ದಲು ಬಾರದು ಎಂದು ನನ್ನ ಸಹೋದ್ಯೋಗಿಯೊಬ್ಬರು ವಾದಿಸುತ್ತಾರೆ. ನಿಜ. ಆದರೆ ಶಾಸನಗಳ ಕೆಲಸ ಬಲ್ಲವರಿಗೆ ನನ್ನ ಮಾತು ತಿಳಿದೀತು. ರಾಯಬಾಗದಲ್ಲಿ ರಟ್ಟರ ಕಾಲದ ಶಾಸನವುಂಟು. ಫ್ಲೀಟ್ ಸಾಹೇಬರಂಥವರು ನಮ್ಮ ಭಾಗದ ಶಾಸನಗಳನ್ನು ಪ್ರಕಟಿಸುವಾಗ ಓದಿದ ಪಾಠವನ್ನೂ ಕೊಟ್ಟರು, ಕಲ್ಲಿನ ಪಡಿಯಚ್ಚನ್ನೂ ಕೊಟ್ಟರು. ಪಾಠ ಪಂಡಿತನ ಅಭಿಪ್ರಾಯ. ಪಡಿಯಚ್ಚು ಕಲ್ಲಿನ ಸಾಕ್ಷಿ. ಪರದೆಯ ಪಟ ನಮ್ಮ ಕಾಲದ ಪಡಿಯಚ್ಚು.

ಇದು ಬರಿಯ ತರ್ಕವಲ್ಲ. ಆಯಿ ೨೦೦೩ರ ಮಳೆಗಾಲದಲ್ಲಿ ತೀರಿಕೊಂಡಳು. ಕೆಲವು ವರ್ಷಗಳಲ್ಲಿ ಆ ಅಂಗಡಿಯೂ ಮುಚ್ಚಿತು. ನನ್ನ ಕೈಬರಹದ ವಹಿ ಮಹಾಪೂರದ ವರ್ಷ ಮನೆ ಸೋರಿ ಮುದ್ದೆಯಾಯಿತು. ಉಳಿದುದು ಸೀಡಿಯೊಂದರಲ್ಲಿದ್ದ ಹಳೆಯ ಫಾಂಟಿನ ಕಡತ ಮತ್ತು ಈ ಪಟಗಳು. ಕಳೆದ ವರ್ಷ ಆ ಕಡತವನ್ನು ಯೂನಿಕೋಡಿಗೆ ಪರಿವರ್ತಿಸಿದೆನು. ಹಳೆಯ ಫಾಂಟುಗಳಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಕುಳಿತಿರುತ್ತದೆ. ಯೂನಿಕೋಡಿನಲ್ಲಿ ಉಚ್ಚರಿಸುವಂತೆ ಮುಂಚೆ ಬರಬೇಕು. ಈ ಸ್ಥಾನಪಲ್ಲಟದಲ್ಲಿ ಪರಿವರ್ತಕ ತಬ್ಬಿಬ್ಬಾಗಿ ಹಲವು ಕಡೆ ಅರ್ಕಾವತ್ತನ್ನೇ ನುಂಗಿಬಿಟ್ಟಿತು. ತವರಿನವರು ತನ್ನನ್ನು 'ಮರ್ತ'ರೆಂದು ಗೋಳಿಡುವ ಹೆಣ್ಣಿನ ಬಾಯಲ್ಲಿ 'ಮತ' ಬಂದು, ಪದವೆಲ್ಲ ಚುನಾವಣೆಯ ಭಾಷಣವಾಯಿತು! ಪಟಗಳನ್ನು ತೆರೆದೆ. ಕಪ್ಪು-ಬಿಳುಪಿನಲ್ಲಿ ಅರ್ಕಾವತ್ತು ತನ್ನ ಬಾಲ ಮೇಲೆತ್ತಿ ಅಲ್ಲಿಯೇ ಕುಳಿತಿತ್ತು. ಅಚ್ಚನ್ನು ಓದಿ ಅಕ್ಷರಕ್ಕಿಳಿಸುವ ಟೆಸರಾಕ್ಟ್ ಎಂಬ ತಂತ್ರಾಂಶಕ್ಕೆ ಕನ್ನಡವೂ ಬರುತ್ತದೆ. ಅದಕ್ಕೂ ಕೊಟ್ಟು ನೋಡಿದೆ. 'ಬೀಸೂಕಲ್ಲ'ವನ್ನು ಒಡೆದು ಎರಡು ಮಾಡಿತು. ಕೊನೆಗೆ ಪಟವನ್ನು ಎದುರಿಗಿಟ್ಟುಕೊಂಡು ಒಂದೊಂದೇ ಸಾಲು ಒಪ್ಪ ಹಾಕುತ್ತ ಕುಳಿತಿದ್ದೇನೆ.

ಕೊನೆಯ ಪಟದಲ್ಲಿ ಪದ ಅರ್ಧಕ್ಕೆ ನಿಂತಿದೆ. ಆಯಿಗೆ ಮುಂದಿನ ಸಾಲು ನೆನಪಾಗದೆ, “ನೆಪ್ಪಾದಾಗ ಹೇಳ್ತೀನಿ” ಎಂದಿದ್ದಳು. ಪ್ರಿಂಟ್ ಸ್ಕ್ರೀನಿನಲ್ಲಿ ಇಲಿಯ ಬಾಣ ಮೂಡುವುದಿಲ್ಲ; ಬರೆಯುವ ಜಾಗದಲ್ಲಿ ಮಿಣುಕುವ ಕಡ್ಡಿ ಮಾತ್ರ, ಆ ಕ್ಷಣ ಬೆಳಗಿದ್ದರೆ, ಹಾಗೆಯೇ ನಿಲ್ಲುತ್ತದೆ. ಆ ಸಾಲಿನ ಕೊನೆಗೆ ಅದು ನಿಂತಿದೆ. ಪರದೆಯ ಕೆಳಮೂಲೆಯ ಗಡಿಯಾರದಲ್ಲಿ ೫:೪೨.

ಉಗಾರದಲ್ಲಿರುವ ನಮ್ಮ ಅತ್ತೆಗೆ, ಆಯಿಯ ಮಗಳಿಗೆ, ಈಗ ಎಂಬತ್ತರ ಹತ್ತಿರ. ಹೋದ ಭಾನುವಾರ ಪಟವನ್ನು ಅಚ್ಚಿಸಿಕೊಂಡು ಹೋಗಿ ಓದಿ ತೋರಿಸಿದೆ. ಆಕೆ ಮುಂದಿನ ಎರಡು ಸಾಲುಗಳನ್ನು ತಡವರಿಸದೆ ಹಾಡಿದಳು. ಬರೆದುಕೊಳ್ಳುತ್ತಿರುವಾಗ ಕೈ ಹಿಡಿದು ತಡೆದು ಹೇಳಿದಳು: “ತಡಿಯೋ ತಮ್ಮಾ. ಇದು ನಮ್ಮ ಅತ್ತಿ ಮನಿ ಕಡೀ ಪದಾ. ಅವ್ವ ಹಿಂಗ ಹಾಡ್ತಿರಲಿಲ್ಲ.”