ನಂದಿಯ ನೆತ್ತಿಯಲ್ಲಿ ಭೂಪಟ ಬಿಡಿಸಿದಾಗ

ಭಾನುವಾರದ ಬೆಳಗಿನ ಜಾವದಲ್ಲಿ ನಂದಿಬೆಟ್ಟವನ್ನೇರುವ ಬೆಂಗಳೂರಿಗರ ಸಂಖ್ಯೆ ಸಣ್ಣದಲ್ಲ. ಮಂಜಿನಲ್ಲಿ ಮೈ ನಡುಗಿಸಿಕೊಂಡು, ಸೂರ್ಯೋದಯವನ್ನು ಕಂಡು, ಬಿಸಿ ಕಾಫಿ ಕುಡಿದು, ಟಿಪ್ಪುವಿನ ಹೆಸರು ಹೊತ್ತ ಪ್ರಪಾತದ ಬಳಿ ಛಾಯಾಚಿತ್ರ ತೆಗೆದುಕೊಂಡರೆ ಯಾತ್ರೆ ಮುಗಿಯಿತು. ಮಂಜು ಚೆದರಿ ಸುತ್ತಣ ನಾಡು ನಿಚ್ಚಳವಾಗಿ ಕಾಣತೊಡಗುವ ಹೊತ್ತಿಗೆ ಬಹುಮಂದಿ ಇಳಿಯುವ ದಾರಿ ಹಿಡಿದಿರುತ್ತಾರೆ. ಎದುರಿಗೆ ಕಾಣುವ ಬೆಟ್ಟದ ಹೆಸರೇನೆಂದು ಮಗು ಕೇಳಿದರೆ, ಹತ್ತು ಜನ ಹಿರಿಯರಲ್ಲಿ ಒಬ್ಬರು ಉತ್ತರ ಹೇಳಿದರೆ ಹೆಚ್ಚು.

ಆ ಪ್ರಶ್ನೆಗೆ ಉತ್ತರ ಒಂದು ಹಾಳೆಯ ಮೇಲಿದೆ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಸ್ಥಳಾಕೃತಿ ನಕ್ಷೆಗಳಲ್ಲಿ ನಂದಿಬೆಟ್ಟ ಬರುವ ಹಾಳೆಗೆ ಹಳೆಯ ಕ್ರಮದಲ್ಲಿ 57 ಜಿ/11 ಎಂಬ ಸಂಖ್ಯೆ. 1767ರಲ್ಲಿ ಹುಟ್ಟಿದ ಈ ಇಲಾಖೆಯ ನಕ್ಷೆಗಳನ್ನು ಪಡೆಯುವುದು ಬಹುಕಾಲ ಸಾಮಾನ್ಯರಿಗೆ ಸುಲಭವಾಗಿರಲಿಲ್ಲ. 2017ರಲ್ಲಿ ಅಂತರಜಾಲದ ಮೂಲಕ ಉಚಿತವಾಗಿ ಕೊಡುವ ಏರ್ಪಾಡು ಮೊದಲಾಯಿತು. ಇಂಥದೊಂದು ಹಾಳೆ ಕೈಯಲ್ಲಿದ್ದರೆ ಶಾಲೆಯ ಗೋಡೆಯ ಮೇಲೆ ನೇತಾಡುತ್ತಿದ್ದ ಭೂಗೋಳ ಶಾಸ್ತ್ರ ಬೆಟ್ಟದ ಬಂಡೆಯ ಮೇಲೆ ಬಂದು ಕುಳಿತುಕೊಳ್ಳುತ್ತದೆ.

ಮೊದಲು ಮಾಡಬೇಕಾದುದು ಹಾಳೆಯನ್ನು ತಿರುಗಿಸುವುದು. ಅಕ್ಷರಗಳು ನೇರವಾಗಿ ಕಾಣಲೆಂದು ಹಾಳೆಯನ್ನು ತನ್ನ ಕಡೆಗೆ ಹಿಡಿದುಕೊಳ್ಳುವುದು ಎಲ್ಲರ ಸ್ವಭಾವ. ಎಲ್ಲ ತಪ್ಪುಗಳ ಮೂಲವೂ ಅದೇ. ಹಾಳೆಯ ಮೇಲಂಚು ಉತ್ತರ ದಿಕ್ಕು. ಆ ಅಂಚು ನಿಜವಾದ ಉತ್ತರವನ್ನು ನೋಡುವಂತೆ ಹಾಳೆಯನ್ನು ನೆಲದ ಮೇಲೆ ಹಾಸಬೇಕು. ನಮ್ಮ ನಾಡಿನಲ್ಲಿ ದಿಕ್ಸೂಚಿಯ ಮುಳ್ಳು ನಿಜವಾದ ಉತ್ತರದಿಂದ ತಪ್ಪುವುದು ತೀರ ಅಲ್ಪವಾದ್ದರಿಂದ ಸಾಮಾನ್ಯ ದಿಕ್ಸೂಚಿಯೇ ಸಾಕು. ಅಕ್ಷರ ತಲೆಕೆಳಗಾಗಿ ಕಂಡರೆ ಕಾಣಲಿ. ಹೀಗೆ ಹಾಸಿದೊಡನೆ ಹಾಳೆಯೂ ನೆಲವೂ ಒಂದನ್ನೊಂದು ಗುರುತಿಸತೊಡಗುತ್ತವೆ. ಉತ್ತರಕ್ಕೆ ಎದ್ದಿರುವುದು ಸ್ಕಂದಗಿರಿ, ಈಶಾನ್ಯದ ಬಯಲಿನಲ್ಲಿ ಬಿಳಿಯ ಮನೆಗಳ ರಾಶಿಯಂತೆ ಹರಡಿರುವುದು ಚಿಕ್ಕಬಳ್ಳಾಪುರ, ನೈರುತ್ಯಕ್ಕೆ ದೊಡ್ಡಬಳ್ಳಾಪುರ. ಕೆಳಗೆ ಭೋಗನಂದೀಶ್ವರನ ಗುಡಿಯಿರುವ ನಂದಿ ಗ್ರಾಮ, ಕಪ್ಪು ಗೆರೆಯಾಗಿ ಸಾಗುವ ರೈಲುಹಾದಿ. ಕಿಸೆಯಲ್ಲಿರುವ ಫೋನು ಈ ಕೆಲಸವನ್ನು ತಾನೇ ಮಾಡಿಕೊಡುವುದಿಲ್ಲವೇ ಎನ್ನಬಹುದು. ಮಾಡಿಕೊಡುತ್ತದೆ, ಆದ್ದರಿಂದಲೇ ಅದನ್ನು ಹಿಡಿದವನು ತಾನೆಲ್ಲಿರುವೆನೆಂದು ಕೇಳಿಕೊಳ್ಳುವ ಗೋಜಿಗೇ ಹೋಗುವುದಿಲ್ಲ.

ಇನ್ನು ದೂರ. ಹಾಳೆಯ ಪ್ರಮಾಣ 1:50,000. ಎಂದರೆ ಹಾಳೆಯ ಮೇಲಣ ಎರಡು ಸೆಂಟಿಮೀಟರು ನೆಲದ ಮೇಲೆ ಒಂದು ಕಿಲೋಮೀಟರು. ಬೆಟ್ಟದ ನೆತ್ತಿಗೂ ಚಿಕ್ಕಬಳ್ಳಾಪುರಕ್ಕೂ ನಡುವಣ ಅಂತರ ಹಾಳೆಯ ಮೇಲೆ ಒಂದು ಗೇಣೂ ಆಗದು. ಕಾಗೆ ಹಾರುವ ಲೆಕ್ಕದಲ್ಲಿ ಎಂಟು ಒಂಬತ್ತು ಕಿಲೋಮೀಟರು. ಆದರೆ ಬಸ್ಸು ಕಾಗೆಯಲ್ಲ. ಬೆಟ್ಟದ ರಸ್ತೆಯ ಸುತ್ತುಗಳ ಮೇಲೆ ಒಂದು ದಾರವನ್ನು ಮಡಿಸಿ ಮಡಿಸಿ ಇಟ್ಟು, ಆಮೇಲೆ ಅದನ್ನು ನೀಳವಾಗಿ ಎಳೆದು ಅಳೆದರೆ ಬಸ್ಸಿನ ದೂರ ಸಿಕ್ಕುತ್ತದೆ. ಮಕ್ಕಳಿಗೆ ಇದಕ್ಕಿಂತ ಪ್ರಿಯವಾದ ಪಾಠವಿಲ್ಲ.

ಹಾಳೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಜಾಗ ಹಿಡಿದು, ಎಲ್ಲರಿಗಿಂತ ಕಡಮೆ ಗಮನ ಪಡೆಯುವುವು ಕಂದು ಬಣ್ಣದ ಗೆರೆಗಳು. ಇವು ಸಮೋನ್ನತಿ ರೇಖೆಗಳು. ಒಂದು ರೇಖೆಯ ಉದ್ದಕ್ಕೂ ಬೆರಳಾಡಿಸಿದರೆ ಆ ಬೆರಳು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಪಕ್ಕದ ರೇಖೆಗೆ ದಾಟಿದರೆ ಇಪ್ಪತ್ತು ಮೀಟರು ಏರಿದಂತೆ ಅಥವಾ ಇಳಿದಂತೆ. ಐದಕ್ಕೊಂದು ರೇಖೆ ದಪ್ಪವಾಗಿದ್ದು ನೂರು ಮೀಟರಿನ ಲೆಕ್ಕ ಕೊಡುತ್ತದೆ. 1,478 ಮೀಟರು ಎತ್ತರದ ನಂದಿ ಸುತ್ತಲಿನ ಬಯಲಿಗಿಂತ ಸುಮಾರು 500 ಮೀಟರು ಮೇಲೆದ್ದಿರುವುದರಿಂದ ಇಪ್ಪತ್ತೈದರಷ್ಟು ರೇಖೆಗಳು ಇಲ್ಲಿ ಒಂದರೊಳಗೊಂದು ಸುತ್ತಿಕೊಂಡಿವೆ. ಇಳಿಜಾರು ಮೆಲ್ಲಗಿರುವ ಕಡೆ ಅವು ಬಿಡಿಬಿಡಿಯಾಗಿ ಹರಡಿಕೊಳ್ಳುತ್ತವೆ. ಕಡಿದಾದ ಕಡೆ ಒತ್ತೊತ್ತಾಗಿ ಬಂದು ಪ್ರಪಾತದ ಬಳಿ ಒಂದರ ಮೇಲೊಂದು ಬಿದ್ದು ಒಂದೇ ಗೆರೆಯಂತಾಗುತ್ತವೆ. ಕಂಬಿಯ ಆಚೆಗೆ ಬಗ್ಗಿ ನೋಡಿ ತಲೆಸುತ್ತಿ ಬಂದವನಿಗೆ ಆ ಒಂದು ಗೆರೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ರೇಖೆಗಳು ಅಲ್ಲಲ್ಲಿ ಬಾಣದ ಮೊನೆಯಂತೆ ಮಡಿಚಿಕೊಂಡಿರುತ್ತವೆ. ಮೊನೆ ಎತ್ತರದ ಕಡೆಗಿದ್ದರೆ ಅದು ನೀರು ಹರಿಯುವ ಕಣಿವೆ; ತಗ್ಗಿನ ಕಡೆಗಿದ್ದರೆ ಅದು ಏಣು. ಏಣಿನಿಂದ ಏಣಿಗೆ ಪೆನ್ಸಿಲಿನ ಗೆರೆಯೊಂದನ್ನು ಎಳೆದುಕೊಂಡು ಹೋದರೆ ಕಣ್ಣಿಗೆ ಕಾಣದ, ಆದರೆ ಪ್ರತಿಯೊಂದು ಮಳೆಹನಿಯೂ ತಪ್ಪದೆ ಪಾಲಿಸುವ ಗಡಿಯೊಂದು ಹಾಳೆಯ ಮೇಲೆ ಮೂಡುತ್ತದೆ. ನಂದಿಯ ಸೀಮೆಯಲ್ಲಿ ಈ ಗಡಿಗೆ ವಿಶೇಷವಾದ ಗೌರವವಿದೆ. ಒಂದು ಮಗ್ಗುಲಿಗೆ ಬಿದ್ದ ಹನಿ ಅರ್ಕಾವತಿಯನ್ನು ಸೇರಿ, ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಯ ಪಾಲಾಗುತ್ತದೆ. ಇನ್ನೊಂದು ಮಗ್ಗುಲಿನದು ದಕ್ಷಿಣ ಪಿನಾಕಿನಿಯಾಗಿ ತಮಿಳುನಾಡನ್ನು ಹಾದು ಕಡಲೂರಿನ ಬಳಿ ಸಮುದ್ರ ಕಾಣುತ್ತದೆ. ಉತ್ತರ ಪಿನಾಕಿನಿಯ ಪಾಲಿಗೆ ಬಂದದ್ದು ಆಂಧ್ರವನ್ನೆಲ್ಲ ಸುತ್ತಿಕೊಂಡು ನೆಲ್ಲೂರಿನ ಹತ್ತಿರ ಕಡಲಿಗಿಳಿಯುತ್ತದೆ. ಬೇಸಿಗೆಯಲ್ಲಿ ಬತ್ತುವ ಹಳ್ಳಗಳನ್ನು ಹಾಳೆಯಲ್ಲಿ ಕಪ್ಪು ಗೆರೆಯಲ್ಲಿಯೂ ನೀರು ನಿಂತಿರುವಲ್ಲಿ ನೀಲಿ ಬಣ್ಣದಲ್ಲಿಯೂ ತೋರಿಸುವ ವಾಡಿಕೆಯುಂಟು. ಇಷ್ಟು ಹೆಸರುವಾಸಿಯಾದ ನದಿಗಳ ತವರಿನಲ್ಲಿ ಕಪ್ಪು ಗೆರೆಗಳೇ ಹೆಚ್ಚಾಗಿರುವುದನ್ನು ಕಂಡು ಬೇಸರವಾದರೆ ತಪ್ಪು ಹಾಳೆಯದಲ್ಲ.

ಇಂಥ ಹಾಳೆಗಳು ಕುಳಿತಲ್ಲಿ ಹುಟ್ಟಿದವಲ್ಲ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಸೈನ್ಯಾಧಿಕಾರಿ ಬೆಂಗಳೂರಿನ ಸಮೀಪದಲ್ಲಿ ನೆಲದ ಮೇಲೆ ಸರಪಳಿ ಎಳೆಸಿ ಒಂದು ಆಧಾರರೇಖೆಯನ್ನು ಅಳೆದನು. ತ್ರಿಕೋನದ ಒಂದು ಭುಜ, ಎರಡು ಕೋನ ತಿಳಿದರೆ ಉಳಿದ ಭುಜಗಳು ಲೆಕ್ಕದಿಂದಲೇ ದೊರೆಯುತ್ತವೆಂಬ ಶಾಲೆಯ ಗಣಿತವೇ ಅವನ ಬಂಡವಾಳ. 1802ರಲ್ಲಿ ಮದರಾಸಿನ ಬಳಿ ಹೊಸ ಆಧಾರರೇಖೆ ಹಾಕಿ, ತ್ರಿಕೋನದಿಂದ ತ್ರಿಕೋನಕ್ಕೆ ದಾಟುತ್ತ ಮಂಗಳೂರಿನ ಕರಾವಳಿಯನ್ನು ಮುಟ್ಟಿದಾಗ, ಅದುವರೆಗೆ 400 ಮೈಲಿಯೆಂದು ನಂಬಿದ್ದ ಅಗಲ 360 ಮೈಲಿಯೆಂದು ತಿಳಿದುಬಂತು. ಒಂದಿಂಚು ನೆಲವೂ ಕದಲದೆ ನಲವತ್ತು ಮೈಲಿ ದೇಶ ಭೂಪಟದಿಂದ ಮಾಯವಾಯಿತು!

ನಂದಿಯ ಹಾಳೆಯ ದಕ್ಷಿಣಕ್ಕೆ 57 ಜಿ/12, ಅದರ ದಕ್ಷಿಣಕ್ಕೆ 57 ಎಚ್/9. ಬೆಂಗಳೂರಿನ ಹೃದಯಭಾಗ ಇರುವುದು ಈ ಕೊನೆಯ ಹಾಳೆಯಲ್ಲಿ. ಬೆಟ್ಟದ ಮೇಲೆ ರೇಖೆಗಳನ್ನು ಓದಲು ಕಲಿತ ಕಣ್ಣಿಗೆ ಮನೆಗೆ ಮರಳಿದ ಮೇಲೆ ಈ ಹಾಳೆ ಬೇರೆಯ ಊರಿನಂತೆ ಕಾಣುವುದುಂಟು. ನಗರವೇ ಒಂದು ಏಣಿನ ಮೇಲೆ ಕುಳಿತಿದೆ: ಪಶ್ಚಿಮದ ನೀರು ವೃಷಭಾವತಿಗೆ, ಪೂರ್ವದ್ದು ದಕ್ಷಿಣ ಪಿನಾಕಿನಿಗೆ. ಏಣಿನ ಇಕ್ಕೆಲದ ಕಣಿವೆಗಳಲ್ಲಿ ಹಿರಿಯರು ಸರಮಾಲೆಯಂತೆ ಕೆರೆಗಳನ್ನು ಕಟ್ಟಿದರು. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಕೆಂಪೇಗೌಡ ಬಸ್ಸು ನಿಲ್ದಾಣ ಎದ್ದಿತು. ಸಂಪಂಗಿ ಕೆರೆಯಿದ್ದಲ್ಲಿ ಕಂಠೀರವ ಕ್ರೀಡಾಂಗಣ ಬಂತು. ನೀಲಿ ಬಣ್ಣವನ್ನು ಅಳಿಸುವುದು ಸುಲಭ. ಕಂದು ಗೆರೆಗಳನ್ನು ಅಳಿಸಲಾಗುವುದಿಲ್ಲ. 2022ರ ಸೆಪ್ಟೆಂಬರಿನ ಮಳೆಯಲ್ಲಿ ನಗರದ ಪೂರ್ವಭಾಗದ ಬಡಾವಣೆಗಳು ಮುಳುಗಿ, ಅಲ್ಲಿನ ಜನರನ್ನು ದೋಣಿಗಳಲ್ಲಿಯೂ ಟ್ರಾಕ್ಟರುಗಳಲ್ಲಿಯೂ ಸಾಗಿಸಬೇಕಾಯಿತು. ಪತ್ರಿಕೆಗಳು ಅದನ್ನು ಅನಿರೀಕ್ಷಿತವೆಂದವು.

ನಿವೇಶನ ಕೊಳ್ಳುವ ಮುನ್ನ ಕ್ರಯಪತ್ರವನ್ನು ವಕೀಲರಿಗೆ ತೋರಿಸುತ್ತಾರೆ, ಬಾಗಿಲ ದಿಕ್ಕನ್ನು ಜೋಯಿಸರಿಗೆ ತೋರಿಸುತ್ತಾರೆ. ಹಳೆಯ ಸ್ಥಳಾಕೃತಿ ನಕ್ಷೆಯನ್ನು ಮೇಜಿನ ಮೇಲೆ ಹಾಸಿ, ಆ ನಿವೇಶನದ ಸುತ್ತಣ ಬಾಣದ ಮೊನೆ ಯಾವ ಕಡೆಗಿದೆ ಎಂದು ನೋಡುವುದಕ್ಕೆ ಬೇಕಾಗುವುದು ಒಂದು ಸಂಜೆ. ನಂದಿಯ ಬಂಡೆಯ ಮೇಲೆ ಪಾಠ ಕಲಿತ ಮಗು ಮನೆಯಲ್ಲಿದ್ದರೆ ಕಾಲು ಗಂಟೆ.